ಎರಡು ಕಿಲೋ ಕಡಿಮೆ, ಆದರೂ ಅಲಾರಂ ಇಲ್ಲ

“ಎರಡು ಕಿಲೋ ಪ್ಲುಟೋನಿಯಂ ಇಲ್ಲ ಅಂತ ಬರ್ತಿದೆ, ಆದ್ರೂ ಅಲಾರಂ ಹೊಡೆದಿಲ್ಲ ಅಂತೀಯ. ಇದ್ಯಾವ ಸೀಮೆ ಲೆಕ್ಕ ಕಣೇ?”

ಭಾನುವಾರ ನನ್ನ ಲ್ಯಾಪ್‌ಟಾಪಿನ ಮೇಲೆ ಬಗ್ಗಿ ಚಿಕ್ಕಪ್ಪ ಕೇಳಿದ ಈ ಮಾತು ಇನ್ನೂ ಕಿವಿಯಲ್ಲಿದೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಒಂದು ರೂಪಾಯಿ ತಾಳೆಯಾಗದಿದ್ದರೂ ಇಡೀ ಶಾಖೆ ರಾತ್ರಿಯವರೆಗೆ ಕೂತು ವೋಚರ್ ಹುಡುಕುತ್ತಿದ್ದ ಕಾಲದವರು. ಅವರಷ್ಟು ಪ್ರಾಮಾಣಿಕರನ್ನೂ ಅಷ್ಟು ಹಟದವರನ್ನೂ ನಾನು ಕಂಡಿಲ್ಲ.

ಪರದೆಯ ಮೇಲಿದ್ದದ್ದು ಮ್ಯಾಪಿಟ್. ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದವರು ಪೈಥಾನ್‌ನಲ್ಲಿ ಬರೆದು ಮುಕ್ತವಾಗಿ ಹಂಚಿರುವ, ಪರಮಾಣು ಸಾಮಗ್ರಿಯ ಲೆಕ್ಕ ಪರೀಕ್ಷಿಸುವ ತಂತ್ರಾಂಶ. ಎಂ.ಎಸ್ಸಿ. ಮಕ್ಕಳಿಗೆ ಕಂಟ್ರೋಲ್ ಚಾರ್ಟ್ (ಅಳತೆ ಗಡಿ ದಾಟಿತೇ ಎಂದು ತೋರಿಸುವ ನಕ್ಷೆ) ಪಾಠ ಮಾಡಲು ಒಂದು ಕಾಲ್ಪನಿಕ ಪರಮಾಣು ಸ್ಥಾವರದ ಅಂಕಿಗಳನ್ನು ಸೃಷ್ಟಿಸಿ ಅದಕ್ಕೆ ಊಡಿಸಿದ್ದೆ. ಆರಂಭದ ದಾಸ್ತಾನಿಗೆ ಒಳಬಂದದ್ದನ್ನು ಕೂಡಿಸಿ, ಹೊರಹೋದದ್ದನ್ನೂ ಕೊನೆಯ ದಾಸ್ತಾನನ್ನೂ ಕಳೆದರೆ ಉಳಿಯುವುದು ‘ಮಫ್’, ಅಂದರೆ ಲೆಕ್ಕಕ್ಕೆ ಸಿಗದ ಸಾಮಗ್ರಿ. ಇಷ್ಟನ್ನು ಚಿಕ್ಕಪ್ಪ ಒಂದೇ ಏಟಿಗೆ ಹಿಡಿದರು. ಅವರಿಗೆ ಒಗ್ಗದೇ ಇದ್ದದ್ದು ಅದು ಸೊನ್ನೆಯಾಗುವುದಿಲ್ಲ ಎನ್ನುವುದು.

ನೋಟನ್ನು ಎಣಿಸಬಹುದು. ಆಮ್ಲದಲ್ಲಿ ಕರಗಿ ಟ್ಯಾಂಕಿನಲ್ಲಿರುವ ಪ್ಲುಟೋನಿಯಂ ಅನ್ನು ಎಣಿಸಲಾಗದು. ಟ್ಯಾಂಕಿನ ಮಟ್ಟ ಅಳೆದು, ಒಂದಿಷ್ಟು ಮಾದರಿ ತೆಗೆದು, ಲ್ಯಾಬಿನಲ್ಲಿ ಸಾಂದ್ರತೆ ನೋಡಿ ಗುಣಿಸಬೇಕು. ಹೆಜ್ಜೆಹೆಜ್ಜೆಗೂ ಚೂರುಚೂರು ದೋಷ. ಕೆಲವು ದೋಷಗಳು ಆಚೀಚೆ ಓಲಾಡುತ್ತವೆ, ಮತ್ತೆ ಮತ್ತೆ ಅಳೆದರೆ ಸರಿಹೋಗುತ್ತವೆ. ಇನ್ನು ಕೆಲವು ಒಂದೇ ಕಡೆಗೆ ವಾಲಿರುತ್ತವೆ, ಎಷ್ಟು ಸಲ ಅಳೆದರೂ ಹಾಗೇ ಉಳಿಯುತ್ತವೆ. ಇವೆಲ್ಲ ಸೇರಿದ ಅನಿಶ್ಚಿತತೆಯೇ ‘ಸಿಗ್ಮಾ ಮಫ್’. ತಿಂಗಳು ತಿಂಗಳೂ ಸೊನ್ನೆಯನ್ನೇ ತೋರಿಸುವ ಸ್ಥಾವರವಿದ್ದರೆ ನನಗಂತೂ ಮೊದಲ ಅನುಮಾನ ಅದರ ಮೇಲೆಯೇ.

“ಹಾಗಾದ್ರೆ ಯಾರೂ ಕದ್ದಿಲ್ಲ ಅಂತ ಹೇಗೆ ಹೇಳ್ತೀಯ?”

ನಾನು ಹಾಗೆ ಹೇಳುವುದಿಲ್ಲ, ಹೇಳಲೂ ಬಾರದು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 8 ಕಿಲೋ ಪ್ಲುಟೋನಿಯಂ ಅನ್ನು ‘ಗಣನೀಯ ಪ್ರಮಾಣ’ ಎಂದು ಇಟ್ಟುಕೊಂಡಿದೆ. ಒಂದು ಬಾಂಬಿನ ಸಾಧ್ಯತೆಯನ್ನು ತಳ್ಳಿಹಾಕಲಾಗದ ಪ್ರಮಾಣ ಅದು. ಜಪಾನಿನ ರೊಕ್ಕಾಶೊ ಮರುಸಂಸ್ಕರಣಾ ಸ್ಥಾವರ ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ಬಳಸಿದ ಇಂಧನದಿಂದ ವರ್ಷಕ್ಕೆ ಸುಮಾರು 8 ಟನ್ ಪ್ಲುಟೋನಿಯಂ ಬೇರ್ಪಡಿಸಬಲ್ಲದು. ಅಲ್ಲಿ ಶೇ. 1ರಷ್ಟು ಅನಿಶ್ಚಿತತೆ ಎಂದರೆ 80 ಕಿಲೋ! ಇದನ್ನು ಓದುವಾಗಲೆಲ್ಲ ಎದೆ ಝಲ್ಲೆನ್ನುತ್ತದೆ. ಅದೇ ದೇಶದ ತೊಕಾಯ್ ಸ್ಥಾವರದಲ್ಲಿ ಕಾಲು ಶತಮಾನದ ಲೆಕ್ಕ ನೋಡಿ 206 ಕಿಲೋ ವ್ಯತ್ಯಾಸವಿದೆ ಎಂದು 2003ರಲ್ಲಿ ಸರ್ಕಾರವೇ ಹೇಳಿತು. ತ್ಯಾಜ್ಯಕ್ಕೆ ಹೋದದ್ದು, ಕ್ಷಯಿಸಿ ಅಮೆರಿಸಿಯಂ ಎಂಬ ಬೇರೆ ಧಾತುವಾದದ್ದು ಇತ್ಯಾದಿ ಸೇರಿಸಿ ಮರುಲೆಕ್ಕ ಹಾಕಿದ ಮೇಲೆ ಅದು 59 ಕಿಲೋಗೆ ಇಳಿಯಿತು. ಆ ಕಡೆ ಬ್ರಿಟನ್ನಿನ ಸೆಲ್ಲಾಫೀಲ್ಡ್‌ನ ಥಾರ್ಪ್ ಮರುಸಂಸ್ಕರಣಾ ಸ್ಥಾವರದಲ್ಲಿ ಒಡೆದ ಪೈಪಿನಿಂದ ಸುಮಾರು 83 ಸಾವಿರ ಲೀಟರ್ ದ್ರಾವಣ ಸೋರಿ, 160 ಕಿಲೋದಷ್ಟು ಪ್ಲುಟೋನಿಯಂ ಕೋಣೆಯ ನೆಲದಲ್ಲೇ ನಿಂತಿತ್ತು. ಗೊತ್ತಾದದ್ದು 2005ರ ಏಪ್ರಿಲ್‌ನಲ್ಲಿ, ಸೋರಿಕೆ ಶುರುವಾಗಿ ತಿಂಗಳುಗಳೇ ಕಳೆದ ಮೇಲೆ.

ಒಮ್ಮೆಗೇ ದೊಡ್ಡದಾಗಿ ಹೋದರೆ ಯಾವ ಪರೀಕ್ಷೆಯಾದರೂ ಹಿಡಿದೀತು. ನನಗೆ ಭಯ ಚೂರುಚೂರಾಗಿ ಜಾರುವುದರದ್ದು. ಮ್ಯಾಪಿಟ್‌ನಲ್ಲಿರುವ ಪೇಜ್ ಪರೀಕ್ಷೆ ಇರುವುದೇ ಅದಕ್ಕೆ. ಪ್ರತಿ ಅವಧಿಯ ಸಣ್ಣ ಕೊರತೆಯನ್ನು ಮರೆಯದೆ ಕೂಡಿಟ್ಟುಕೊಳ್ಳುತ್ತಾ ಹೋಗಿ, ಮೊತ್ತ ಗಡಿ ದಾಟಿದಾಗ ಎಚ್ಚರಿಸುತ್ತದೆ.

“ನಮ್ಮ ಕೈಗಾದಲ್ಲೂ ಹೀಗೇನಾ?” ಎಂದೂ ಕೇಳಿದರು. ಕೈಗಾ ವಿದ್ಯುತ್ ಸ್ಥಾವರ, ಮರುಸಂಸ್ಕರಣೆಯದ್ದಲ್ಲ. ಅಲ್ಲಿ ಇಂಧನದ ಕಟ್ಟುಗಳನ್ನು ಎಣಿಸಬಹುದು. ಭಾರತ ಅಂತರರಾಷ್ಟ್ರೀಯ ಸಂಸ್ಥೆಯೊಂದಿಗೆ 2009ರಲ್ಲಿ ಸಹಿ ಹಾಕಿದ ತಪಾಸಣೆಯ (ಸೇಫ್‌ಗಾರ್ಡ್ಸ್) ಒಪ್ಪಂದದ ಪಟ್ಟಿಯಲ್ಲಿ ಕೈಗಾ ರಿಯಾಕ್ಟರುಗಳು ಇಲ್ಲ. ವಿಯೆನ್ನಾದಲ್ಲಿರುವ ಆ ಸಂಸ್ಥೆಯ ಇನ್‌ಸ್ಪೆಕ್ಟರುಗಳು ತಾರಾಪುರಕ್ಕೆ, ಕೂಡಂಕುಳಕ್ಕೆ ಹೋಗುತ್ತಾರೆ, ಕಾರವಾರದ ಕಡೆಗಲ್ಲ. ಚಿಕ್ಕಪ್ಪನಿಗೆ ಇದು ಸಮಾಧಾನ ತರಲಿಲ್ಲ. ನನಗೂ ತರುವುದಿಲ್ಲ.

ಕಡೆಗೆ ಅವರು ಕೇಳಿದ್ದು ನಿಜವಾದ ಆಡಿಟರ್ ಪ್ರಶ್ನೆ: “ಅಳತೆಯಲ್ಲಿ ಇಷ್ಟು ದೋಷ ಇರುತ್ತೆ ಅಂತ ಇದಕ್ಕೆ ಹೇಳಿದ್ದು ಯಾರು?”

“ನಾನೇ ಚಿಕ್ಕಪ್ಪ. ಇಲ್ಲಿ ನೋಡಿ, ಈ ಕಾಲಂನಲ್ಲಿ.”

“ಅರ್ಧ ಮಾಡು.”

ಮಾಡಿದೆ. ಒಂದೂವರೆ ಕಿಲೋ ಇದ್ದ ಸಿಗ್ಮಾ ಮುಕ್ಕಾಲಿಗೆ ಇಳಿಯಿತು. ಶೇ. 5ರಷ್ಟು ಸುಳ್ಳು ಅಲಾರಂ ಒಪ್ಪಿಕೊಂಡರೆ ಅಲಾರಂ ಹೊಡೆಯುವ ಗಡಿ ಸಿಗ್ಮಾದ 1.65 ಪಟ್ಟು. ಅಂದರೆ ಸುಮಾರು ಎರಡೂವರೆ ಕಿಲೋ ಇದ್ದ ಗಡಿ ಒಂದೂಕಾಲಿಗೆ ಬಂತು. ಅದೇ ಎರಡು ಕಿಲೋ ಈಗ ಗೆರೆ ದಾಟಿ ಕೆಂಪಾಗಿ ನಿಂತಿತು. ಸ್ಥಾವರದಲ್ಲಿ ಒಂದು ಗ್ರಾಂ ಕೂಡ ಅಲುಗಿರಲಿಲ್ಲ.

ಮುಕ್ತ ತಂತ್ರಾಂಶದ ಬಗ್ಗೆ ನನಗಿರುವ ಅಕ್ಕರೆ ಇಲ್ಲಿಂದಲೇ ಹುಟ್ಟಿದ್ದು. ಮುಚ್ಚಿದ ಪೆಟ್ಟಿಗೆಯೊಂದು ‘ಅಲಾರಂ ಇಲ್ಲ’ ಎಂದರೆ ನಂಬಬೇಕು, ಇಲ್ಲವೇ ಬಿಡಬೇಕು. ಇಲ್ಲಿ ಸೂತ್ರ ಕಣ್ಣೆದುರಿದೆ, ನಿವೃತ್ತ ಬ್ಯಾಂಕ್ ನೌಕರರೂ ಅದನ್ನು ಅಲ್ಲಾಡಿಸಿ ನೋಡಬಹುದು. ಆದರೆ ಸೂತ್ರ ಬಯಲಾದರೆ ಸಾಲದು, ಅದಕ್ಕೆ ಕೊಟ್ಟ ದೋಷದ ಅಂಕಿಗಳೂ ಬಯಲಿಗೆ ಬರಬೇಕು. ಮಾಪನ ವಿಧಾನ ಒಂದೊಂದರಲ್ಲೂ ಎಷ್ಟು ದೋಷ ನಿರೀಕ್ಷಿಸಬಹುದು ಎಂಬ ಪಟ್ಟಿಯನ್ನು ಅಂತರರಾಷ್ಟ್ರೀಯ ಸಂಸ್ಥೆ ಪ್ರಕಟಿಸಿದೆ. ಮುಂದಿನ ತರಗತಿಗೆ ಮಕ್ಕಳು ಆ ಪಟ್ಟಿ ಓದಿಕೊಂಡು ಬರಬೇಕು. ನಾನು ತುಂಬಿದ ಕಾಲಂ ಅನ್ನು ಅವರೇ ಅಳಿಸಿ, ಒಂದೊಂದು ಅಂಕಿಗೂ ಪಕ್ಕದಲ್ಲಿ ಕಾರಣ ಬರೆದು ತುಂಬಲಿ.