ಪ್ಯಾಡ್‌ನಲ್ಲಿ ಸೊನ್ನೆ ಇದೆಯಾ ನೋಡಿ

ಆಕ್ಸಿಲರೇಟರ್ ಅಂದರೆ ಕೆಲವು ಲೆಕ್ಕಗಳನ್ನು ವೇಗವಾಗಿ ಮಾಡುವ ಚಿಪ್. ಅದಕ್ಕೆ ಲಿನಕ್ಸ್ ಡ್ರೈವರ್ ಬರೆಯುವವರು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಡಿಎಂಎ, ಇಂಟರಪ್ಟ್, ಫರ್ಮ್‌ವೇರ್ ಥರದ ಒಳಗಿನ ಕೆಲಸಗಳ ಬಗ್ಗೆ. ಅವನ್ನೆಲ್ಲ ಮುಂದೆ ಯಾವಾಗ ಬೇಕಾದರೂ ತಿದ್ದಬಹುದು. ಆದರೆ ಐಆಕ್ಟಲ್‌ಗೆ (ಪ್ರೋಗ್ರಾಂ ಡ್ರೈವರ್‌ಗೆ ಕೆಲಸ ಹೇಳುವ ಸಿಸ್ಟಮ್ ಕಾಲ್) ಕಳಿಸುವ ಸ್ಟ್ರಕ್ಟ್, ಅಂದರೆ ಫೀಲ್ಡ್‌ಗಳ ಕಟ್ಟು, ಹಾಗಲ್ಲ. ಡ್ರೈವರ್ ಇರುವ ಕರ್ನಲ್ (ಲಿನಕ್ಸ್‌ನ ತಿರುಳು) ಬಿಡುಗಡೆಯಾಗಿ ಯಾರದೋ ಪ್ರೋಗ್ರಾಂ ಅದನ್ನು ನಂಬಿ ಓಡಲು ಶುರುವಾಯಿತೋ, ಮುಗೀತು. ಯೂಸರ್‌ಸ್ಪೇಸ್ (ಕರ್ನಲ್‌ನ ಹೊರಗೆ ಓಡುವ ಪ್ರೋಗ್ರಾಂಗಳು) ಮುರಿಯಬಾರದು ಅನ್ನುವ ವಿಷಯದಲ್ಲಿ ಲಿನಕ್ಸ್ ಕಟ್ಟಿದ ಲಿನಸ್ ಟೊರ್ವಾಲ್ಡ್ಸ್ ಎಷ್ಟು ಕಟ್ಟುನಿಟ್ಟು ಅಂತ ಎಲ್ಲರಿಗೂ ಗೊತ್ತು.

ಧಾರವಾಡದಲ್ಲಿ ಕೆಲವು ವಿದ್ಯಾರ್ಥಿಗಳು ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಹೊಂದಿಸಿಕೊಳ್ಳಬಹುದಾದ ಚಿಪ್) ಮೇಲೆ ಸಣ್ಣದೊಂದು ಆಕ್ಸಿಲರೇಟರ್ ಕಟ್ಟುತ್ತಿದ್ದಾರೆ. ಡ್ರೈವರ್ ನೋಡಲು ಹುಬ್ಬಳ್ಳಿಯಿಂದ ಹೋಗಿದ್ದೆ. ಸ್ಟ್ರಕ್ಟ್‌ನಲ್ಲಿ ಮೊದಲು 32 ಬಿಟ್‌ನ ಹ್ಯಾಂಡಲ್ (ಕರ್ನಲ್ ಕೊಟ್ಟ ಗುರುತಿನ ಸಂಖ್ಯೆ), ಅದರ ಕೆಳಗೆ 64 ಬಿಟ್‌ನ ಅಡ್ರೆಸ್. ಇದರ ಅಳತೆ 32 ಬಿಟ್ ಎಕ್ಸ್86 (ಇಂಟೆಲ್ ಮಾದರಿಯ ಪ್ರೊಸೆಸರ್) ಮೇಲೆ 12 ಬೈಟ್, 64 ಬಿಟ್‌ನಲ್ಲಿ 16, ಯಾಕೆಂದರೆ ಅಲ್ಲಿ ಅಡ್ರೆಸ್ 8 ಬೈಟ್‌ನ ಗಡಿಯಲ್ಲಿ ಶುರುವಾಗಲಿ ಅಂತ ಕಂಪೈಲರ್ ನಡುವೆ 4 ಬೈಟ್ ಖಾಲಿ ಬಿಡುತ್ತದೆ. ಐಆಕ್ಟಲ್ ನಂಬರಿನ ಒಳಗೇ ಸ್ಟ್ರಕ್ಟ್‌ನ ಅಳತೆ ಸೇರಿರುವುದರಿಂದ, 64 ಬಿಟ್ ಕರ್ನಲ್ ಮೇಲೆ 32 ಬಿಟ್ ಪ್ರೋಗ್ರಾಂ ಓಡಿಸಿದರೆ ನಂಬರೇ ಹೊಂದುವುದಿಲ್ಲ. ನಡುವೆ 32 ಬಿಟ್‌ನ ಒಂದು ಪ್ಯಾಡ್ ಫೀಲ್ಡ್ (ಜಾಗ ತುಂಬಲು ಮಾತ್ರ ಇರುವ ಫೀಲ್ಡ್) ಹಾಕಿದರೆ ಸರಿಹೋಗುತ್ತದೆ.

ಹಾಕಿದರು. ಅದರಲ್ಲಿ ಸೊನ್ನೆಯೇ ಇದೆಯಾ ಅಂತ ಚೆಕ್ ಮಾಡಿ, ಇಲ್ಲದಿದ್ದರೆ ಎರರ್ ಕೊಡಿ ಅಂದೆ.

‘ಅದನ್ನ ಈಗ ಯಾರೂ ಬಳಸಂಗಿಲ್ಲಲ್ರೀ ಸರ್, ಸುಮ್ನ ಯಾಕ್ರೀ?’ ಅಂದ ಒಬ್ಬ.

ಬಳಸದೇ ಇರುವುದಕ್ಕೇ ಚೆಕ್ ಬೇಕು. ಇವತ್ತು ಯಾರೋ ಸ್ಟ್ರಕ್ಟ್ ತುಂಬುವಾಗ ಪ್ಯಾಡ್ ಮುಟ್ಟದೇ ಬಿಡುತ್ತಾರೆ, ಸ್ಟಾಕ್‌ನಲ್ಲಿ (ಪ್ರೋಗ್ರಾಂನ ತಾತ್ಕಾಲಿಕ ಮೆಮೊರಿ) ಮೊದಲೇ ಇದ್ದ ಕಸ ಹಾಗೇ ಕರ್ನಲ್‌ಗೆ ಬರುತ್ತದೆ, ಏನೂ ಆಗುವುದಿಲ್ಲ. ಮುಂದೆ ಆ ಜಾಗಕ್ಕೆ ನೀವು ಒಂದು ಅರ್ಥ ಕೊಟ್ಟ ದಿನ ಅವರ ಪ್ರೋಗ್ರಾಂ ಕೆಡುತ್ತದೆ. ಆಗ ಆ ಫೀಲ್ಡ್ ಇದ್ದೂ ಇಲ್ಲದ ಹಾಗೆ, ಅಲ್ವಾ?

ಕರ್ನಲ್‌ನಲ್ಲೇ ಇದರ ದೊಡ್ಡ ಉದಾಹರಣೆ ಇದೆ. ಫೈಲ್ ತೆರೆಯುವ ಹಳೆಯ ಓಪನ್ ಸಿಸ್ಟಮ್ ಕಾಲ್ ತನಗೆ ಗೊತ್ತಿಲ್ಲದ ಫ್ಲ್ಯಾಗ್ (ಆಯ್ಕೆ ಹೇಳುವ ಬಿಟ್) ಬಂದರೂ ಸುಮ್ಮನಿರುತ್ತದೆ. ಹಾಗಾಗಿ 2013ರಲ್ಲಿ ತಾತ್ಕಾಲಿಕ ಫೈಲ್‌ಗೆ ಓ_ಟಿಎಂಪಿಫೈಲ್ ಅನ್ನುವ ಫ್ಲ್ಯಾಗ್ ಸೇರಿಸುವಾಗ, ಹಳೆ ಕರ್ನಲ್‌ಗಳು ಕನಿಷ್ಠ ಎರರ್ ಆದರೂ ಕೊಡಲಿ ಅಂತ ಡೈರೆಕ್ಟರಿಯ ಫ್ಲ್ಯಾಗನ್ನೂ ಅದರೊಳಗೆ ಕಟ್ಟಬೇಕಾಯಿತು. ಗೊತ್ತಿಲ್ಲದ ಫ್ಲ್ಯಾಗ್ ಬಂದರೆ ಬೇಡ ಅನ್ನುವ ಓಪನ್‌ಅಟ್2 ಎಂಬ ಹೊಸ ಕಾಲ್ ಬಂದಿದ್ದು 2020ರಲ್ಲಿ, ಲಿನಕ್ಸ್ 5.6ರ ಜೊತೆ.

ಟೈಮ್‌ಔಟ್, ಅಂದರೆ ಎಷ್ಟು ಹೊತ್ತು ಕಾಯಬೇಕು ಅನ್ನುವುದು, ಇನ್ನೊಂದು. ‘ಇನ್ನು 5 ಸೆಕೆಂಡ್’ ಅಂತ ತೆಗೆದುಕೊಳ್ಳಬೇಡಿ, ಮೊನೊಟಾನಿಕ್ ಗಡಿಯಾರದಲ್ಲಿ (ಎಂದೂ ಹಿಂದೆ ಹೋಗದ ಗಡಿಯಾರ) ಇಷ್ಟು ಹೊತ್ತಿನವರೆಗೆ ಅನ್ನುವ ನಿಖರ ಸಮಯ ತೆಗೆದುಕೊಳ್ಳಿ. ಇಲ್ಲದಿದ್ದರೆ ಸಿಗ್ನಲ್ ಬಂದು ಕಾಲ್ ಮತ್ತೆ ಶುರುವಾದಾಗಲೆಲ್ಲ ಆ 5 ಸೆಕೆಂಡೂ ಹೊಸದಾಗಿ ಶುರುವಾಗುತ್ತದೆ.

ಲಿನಕ್ಸ್ 6.2ರಿಂದ, ಅಂದರೆ 2023ರಿಂದ, ಇಂಥ ಚಿಪ್‌ಗಳಿಗೆ ಆಕ್ಸೆಲ್ ಅನ್ನುವ ಸಬ್‌ಸಿಸ್ಟಮ್ ಇದೆ. ಅದು ನಿಂತಿರುವುದು ಗ್ರಾಫಿಕ್ಸ್ ಚಿಪ್‌ಗಳನ್ನು ನೋಡಿಕೊಳ್ಳುವ ಡಿಆರ್‌ಎಂ ಸಬ್‌ಸಿಸ್ಟಮ್ ಮೇಲೆ. ಡಿಆರ್‌ಎಂನಲ್ಲಿ ಹೊಸ ಇಂಟರ್‌ಫೇಸ್ ಸೇರಬೇಕಾದರೆ ಅದನ್ನು ಬಳಸುವ ಓಪನ್ ಸೋರ್ಸ್ ಯೂಸರ್‌ಸ್ಪೇಸ್ ಕೋಡ್ ತೋರಿಸಲೇಬೇಕು. ಕೆಲವರಿಗೆ ಇದು ಕಿರಿಕಿರಿ. ನನಗಂತೂ ಇದು ತುಂಬಾ ಸರಿ ಅನ್ನಿಸುತ್ತದೆ. ಒಂದು ಫೀಲ್ಡ್ ಯಾಕಿದೆ ಅಂತ ಸ್ಟ್ರಕ್ಟ್ ಬರೆದಿಟ್ಟ ಹೆಡರ್ ಫೈಲ್ ನೋಡಿದರೆ ತಿಳಿಯುವುದಿಲ್ಲ. ಅದನ್ನು ತುಂಬುವ ಕೋಡ್ ಎದುರಿಗಿದ್ದರೆ ಮಾತ್ರ, ಈ ಹ್ಯಾಂಡಲ್ ಯಾರು ಬಿಡುಗಡೆ ಮಾಡುತ್ತಾರೆ, ಪ್ರೋಗ್ರಾಂ ನಡುವೆ ಸತ್ತರೆ ಏನು ಅಂತ ಕೇಳಲು ಬರುತ್ತದೆ.

ಗದಗ, ಹಾವೇರಿ ಕಡೆ ಯಾರಾದರೂ ಇಂಥ ಡ್ರೈವರ್ ಬರೆಯುತ್ತಿದ್ದರೆ, ಪ್ಯಾಚ್ ಕಳಿಸುವ ಮೊದಲು ಹೆಡರ್ ಫೈಲನ್ನೂ ಅದನ್ನು ಕರೆಯುವ ಲೈಬ್ರರಿಯನ್ನೂ ಒಟ್ಟಿಗೆ ತೋರಿಸಿ. ಕೂತು ಓದೋಣ.