ತಳದ ಕೆಳಗೊಂದು ಮೆಟ್ಟಿಲು

ಮಧ್ಯಾಹ್ನ ಎರಡು ತಾಸು ಕರೆಂಟ್ ಇರಲಿಲ್ಲ. ಕಲಬುರಗಿ ಬಿಸಿಲಾಗ ಫ್ಯಾನ್ ನಿಂತ್ರ ಮನಿ ಅನ್ನೋದು ರೊಟ್ಟಿ ಹಂಚು. ಕರೆಂಟ್ ಬಂದ ಮ್ಯಾಲ ಇನ್ವರ್ಟರ್ ಬ್ಯಾಟರಿ ಮುಚ್ಚಳ ತೆಗೆದು ನೋಡಿದ್ರ ಒಳಗ ಸಣ್ಣ ಸಣ್ಣ ಗುಳ್ಳೆ.

"ಹೈಡ್ರೋಜನ್ ಅಲ್ಲೇನ್ ಮಾಮಾ?" ಅಂದ ಅಕ್ಕನ ಮಗ. ಹೌದು, ಕಡ್ಡಿ ಗೀರಬ್ಯಾಡ ಅಂದೆ. ಅಷ್ಟಕ್ಕ ಬಿಡ್ತಾನ? ಹೈಡ್ರಿನೋ, ಅಂದ್ರ ಮಾಮೂಲಿಗಿಂತ ಕುಗ್ಗಿದ ಹೈಡ್ರೋಜನ್ ಅನ್ನೋದರ ವಿಡಿಯೋ ಮೊಬೈಲಿನಾಗ ತೆಗೆದು ತೋರಿಸಿದ.

ಅಮೆರಿಕದ ರ್‍ಯಾಂಡೆಲ್ ಮಿಲ್ಸ್ 1991ರಿಂದ ಹೇಳ್ತಿರೋದು ಇದು: ಹೈಡ್ರೋಜನ್ ಎಲೆಕ್ಟ್ರಾನು ಮೈನಸ್ 13.6 ಎಲೆಕ್ಟ್ರಾನ್ ವೋಲ್ಟಿನ ತಳ, ಅಂದ್ರ ಅತಿ ಕಡಿಮಿ ಶಕ್ತಿಯ ಮಟ್ಟ, ಅದಕ್ಕಿಂತ ಕೆಳಗೂ ಇಳೀತದ, ಇಳಿಯುವಾಗ ಶಕ್ತಿ ಬಿಡ್ತದ. ಇನ್ನು ಕೆಲವರು ಎಲೆಕ್ಟ್ರಾನಿನ ನಡತೆ ಹೇಳೋ ಡಿರಾಕ್ ಸಮೀಕರಣದಾಗ ಎಲ್ಲರೂ ಬಿಸಾಡೋ ಉತ್ತರ ಆರಿಸಿ ತಂದು ಎಲೆಕ್ಟ್ರಾನನ್ನ ನ್ಯೂಕ್ಲಿಯಸ್ಸಿನ ಮಗ್ಗುಲಾಗೇ ಕೂರಿಸ್ತಾರ. ಸ್ವೀಡನ್ನಿನ ಲೀಫ್ ಹೋಲ್ಮ್‌ಲಿಡ್ ಅವರದು ಅತಿಸಾಂದ್ರ ಹೈಡ್ರೋಜನ್, ಅಂದ್ರ ಪರಮಾಣು ಭಾಳ ಒತ್ತಿ ಕೂತದ್ದು, ಅದೇ ಬ್ಯಾರೆ ದಾರಿ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕೂಡಂಗಿಲ್ಲ.

ನನಗ ಒಂದೇ ತಕರಾರು. ಕೆಳಗ ಮೆಟ್ಟಿಲು ಇದ್ದದ್ದೇ ಆದ್ರ, ಇಷ್ಟು ಕೋಟಿ ವರ್ಷದಾಗ ನಕ್ಷತ್ರದ ನಡುವಿನ ಹೈಡ್ರೋಜನ್ ಯಾಕ ಇಳಿದು ಹೋಗಿಲ್ಲ? ವೇಗವರ್ಧಕ ಬೇಕಂತ ಮಿಲ್ಸ್ ಅಂತಾರ. ಇರಲಿ, ಆದ್ರ ಅದನ್ನ ಒಪ್ಪಿಸುವಂಥ ಪುರಾವೆ ಇನ್ನೂ ಬಂದಿಲ್ಲ.

ಹುಡುಗ ಒಪ್ಪಲಿಲ್ಲ. ಮೊಬೈಲ್ ಚಾರ್ಜಿಗೆ ಹಾಕಿದ, ಮತ್ತ ಕರೆಂಟ್ ಹೋತು.