ಎರಡು ನಲ್ಲಿ, ನಾಲ್ಕು ತೊಟ್ಟಿ

ಡಿಸೆಂಬರಿನ ಮುಂಜಾನೆ ಕಲಬುರಗಿಯ ನಮ್ಮ ಮನೆಯ ಬಚ್ಚಲಲ್ಲಿ ಬಿಸಿನೀರಿನ ನಲ್ಲಿಯನ್ನು ತುಸು ತಿರುಗಿಸಿದರೆ ನೀರಿನ ಬಿಸಿಯ ಜೊತೆಗೆ ಬೀಳುವ ಪ್ರಮಾಣವೂ ಹೆಚ್ಚುತ್ತದೆ. ಅದನ್ನು ಸರಿಪಡಿಸಲು ತಣ್ಣೀರಿನ ನಲ್ಲಿಗೆ ಕೈಹಾಕಿದರೆ ಬಿಸಿ ಮತ್ತೆ ಬದಲಾಗುತ್ತದೆ. ಹೀಗೆ ಒಂದಕ್ಕೊಂದು ತೊಡರಿಕೊಂಡ ಪರಿಣಾಮಗಳನ್ನು ಬಿಡಿಸಿ, ಪ್ರತಿಯೊಂದಕ್ಕೂ ಪ್ರತ್ಯೇಕ ಆಜ್ಞೆ ಕೊಡಲು ಬರುವಂತೆ ಮಾಡುವುದೇ ಡಿಕಪ್ಲಿಂಗ್. ನಿಯಂತ್ರಣ ವ್ಯವಸ್ಥೆಗಳನ್ನು ಕಲಿಸುವ ನಾನು ಈ ಪಾಠವನ್ನು ಬಚ್ಚಲಿನಿಂದಲೇ ಆರಂಭಿಸುತ್ತೇನೆ.

ಬೇಕಾದ ಉಷ್ಣತೆಯಿಂದ ತಣ್ಣೀರಿನ ಉಷ್ಣತೆಯನ್ನು ಕಳೆದು, ಬಿಸಿನೀರು ಮತ್ತು ತಣ್ಣೀರಿನ ಅಂತರದಿಂದ ಭಾಗಿಸಿದರೆ ಒಟ್ಟು ನೀರಿನಲ್ಲಿ ಬಿಸಿನೀರಿನ ಪಾಲು ಸಿಗುತ್ತದೆ. ಗೀಸರಿನ ನೀರು 60 ಡಿಗ್ರಿ, ಟ್ಯಾಂಕಿನದು 20 ಡಿಗ್ರಿ ಇದ್ದರೆ, ಒಂದು ಡಿಗ್ರಿ ಹೆಚ್ಚಿಸಲು ಒಟ್ಟು ನೀರಿನ ಶೇ. 2.5ರಷ್ಟನ್ನು ಅದಲುಬದಲು ಮಾಡಿದರೆ ಸಾಕು. ಮೇ ತಿಂಗಳಲ್ಲಿ ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕ್ ಕಾದು ಅಂತರ 5 ಡಿಗ್ರಿಗೆ ಇಳಿಯಿತೆನ್ನಿ. ಅದೇ ಒಂದು ಡಿಗ್ರಿಗೆ ಶೇ. 20 ಬೇಕು. ಎರಡೂ ನೀರಿನ ಉಷ್ಣತೆ ಸಮವಾದರೆ ಯಾವ ನಲ್ಲಿ ತಿರುಗಿಸಿದರೂ ಬಿಸಿ ಬದಲಾಗದು. ಯಾವ ನಲ್ಲಿ ಯಾವುದನ್ನು ಎಷ್ಟು ಬದಲಿಸುತ್ತದೆ ಎಂಬ ಅಂಕಿಗಳ ಕೋಷ್ಟಕವಾದ ಡಿಕಪ್ಲಿಂಗ್ ಮ್ಯಾಟ್ರಿಕ್ಸ್‌ಗೆ ವಿಲೋಮ, ಅಂದರೆ ಬೇಕಾದ ಫಲದಿಂದ ಹಿಂದಕ್ಕೆ ಆಜ್ಞೆಯನ್ನು ಲೆಕ್ಕಹಾಕುವ ದಾರಿ, ಇರಬೇಕೆಂಬ ಷರತ್ತಿನ ತಿರುಳು ಇದೇ. ಅರೇಖೀಯ ವ್ಯವಸ್ಥೆಯಲ್ಲಿ, ಅಂದರೆ ಪರಿಣಾಮವು ಕಾರಣದ ಅನುಪಾತದಲ್ಲೇ ಬದಲಾಗದ ವ್ಯವಸ್ಥೆಯಲ್ಲಿ, ಈ ಷರತ್ತು ಒಂದು ಸ್ಥಿತಿಯಲ್ಲಿ ಪೂರೈಸಿ ಇನ್ನೊಂದರಲ್ಲಿ ತಪ್ಪಬಹುದು.

ಷರತ್ತು ಪೂರೈಸಿದ ಮೇಲೂ ಉಳಿಯುವ ಅಪಾಯವೇ ನನ್ನನ್ನು ಹೆಚ್ಚು ಕಾಡುತ್ತದೆ. ಸ್ವೀಡನ್ನಿನ ನಿಯಂತ್ರಣ ತಜ್ಞ ಕಾರ್ಲ್ ಹೆನ್ರಿಕ್ ಯೊಹಾನ್ಸನ್ 2000ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಳಗೆ ಎರಡು, ಮೇಲೆ ಎರಡು ತೊಟ್ಟಿಗಳಿವೆ. ಎರಡು ಪಂಪುಗಳಲ್ಲಿ ಪ್ರತಿಯೊಂದೂ ಕವಾಟದ ಮೂಲಕ ನೀರಿನ ಒಂದು ಪಾಲನ್ನು ತನ್ನ ಬದಿಯ ಕೆಳಗಿನ ತೊಟ್ಟಿಗೂ ಉಳಿದದ್ದನ್ನು ಎದುರು ಬದಿಯ ಮೇಲಿನ ತೊಟ್ಟಿಗೂ ಕಳಿಸುತ್ತದೆ. ಮೇಲಿನ ನೀರು ತನ್ನ ಕೆಳಗಿರುವ ತೊಟ್ಟಿಗೆ ಸೋರುತ್ತದೆ. ಸೋರುವ ವೇಗ ಮಟ್ಟದ ವರ್ಗಮೂಲವನ್ನು ಅನುಸರಿಸುವುದರಿಂದ ವ್ಯವಸ್ಥೆ ಅರೇಖೀಯವಾದರೂ, ಆ ಅರೇಖೀಯತೆಯನ್ನು ರದ್ದುಮಾಡಿ ಕೆಳಗಿನ ಎರಡು ಮಟ್ಟಗಳನ್ನು ಪರಸ್ಪರ ಬಿಡಿಸುವ ನಿಯಂತ್ರಕವನ್ನು, ಅಂದರೆ ಪಂಪುಗಳಿಗೆ ಆಜ್ಞೆ ಕೊಡುವ ಸೂತ್ರವನ್ನು, ಕಾಗದದ ಮೇಲೆ ಸುಲಭವಾಗಿ ಬರೆಯಬಹುದು.

ಪಂಪುಗಳು ನೇರವಾಗಿ ಕೆಳಕ್ಕೆ ಕಳಿಸುವ ಪಾಲುಗಳ ಮೊತ್ತ 1ಕ್ಕಿಂತ ಹೆಚ್ಚಿದ್ದರೆ ಎಲ್ಲವೂ ಸರಿ. ಎರಡೂ ಪಾಲು 0.4 ಇದ್ದಾಗ ನೋಡಿ: ಮೇಲಿನ ಒಂದು ತೊಟ್ಟಿಯಲ್ಲಿ ನೀರು ತುಸು ಹೆಚ್ಚಿದರೆ, ಕೆಳಗಿನ ಮಟ್ಟವನ್ನು ಕಾಯಲು ನಿಯಂತ್ರಕವು ಒಂದು ಪಂಪನ್ನು ತಗ್ಗಿಸುತ್ತದೆ, ಅದರಿಂದ ಮೇಲಿನ ಇನ್ನೊಂದು ತೊಟ್ಟಿ ಇಳಿಯುತ್ತದೆ, ಆ ಕೊರತೆ ತುಂಬಲು ಎರಡನೆಯ ಪಂಪ್ ಏರುತ್ತದೆ, ಮೊದಲು ಹೆಚ್ಚಿದ್ದ ತೊಟ್ಟಿಗೇ ಮತ್ತಷ್ಟು ನೀರು ಸೇರುತ್ತದೆ. ವಿದ್ಯಾರ್ಥಿಗಳು ಇದನ್ನು ಕಂಪ್ಯೂಟರಿನಲ್ಲಿ ಓಡಿಸಿದಾಗ ಕೆಳಗಿನ ತೊಟ್ಟಿಗಳ ಮಟ್ಟ ತೋರಿಸುವ ಎರಡು ಗೆರೆಗಳು ಅಡಿಪಟ್ಟಿಯಿಟ್ಟು ಎಳೆದಂತೆ ನೇರವಾಗಿರುತ್ತವೆ, ಮೇಲೆ ಮಾತ್ರ ಒಂದು ತೊಟ್ಟಿ ಉಕ್ಕುತ್ತದೆ, ಇನ್ನೊಂದು ಬತ್ತುತ್ತದೆ. ನಾವು ನಿಯಂತ್ರಿಸುವ ಕೆಳಗಿನ ಮಟ್ಟಗಳನ್ನು ಕದಲದಂತೆ ಹಿಡಿದಾಗ ಒಳಗೆ ಉಳಿಯುವ ಈ ಚಲನೆಗೆ ಝೀರೋ ಡೈನಾಮಿಕ್ಸ್ ಎಂದು ಹೆಸರು. ನಿಯಂತ್ರಕದ ಸಂಖ್ಯೆಗಳನ್ನು ಎಷ್ಟು ತಿದ್ದಿದರೂ ಅದು ಸ್ಥಿರವಾಗದು. ಕವಾಟಗಳ ಪಾಲನ್ನೇ ಬದಲಿಸಬೇಕು, ಇಲ್ಲವೇ ಪೂರ್ಣ ಡಿಕಪ್ಲಿಂಗ್‌ನ ಆಸೆ ಬಿಟ್ಟು ಒಂದು ಮಟ್ಟ ಇನ್ನೊಂದನ್ನು ಸ್ವಲ್ಪ ಕದಲಿಸುವುದನ್ನು ಒಪ್ಪಿಕೊಳ್ಳಬೇಕು.